ಆಲವೂ ಜಲವೂ ಒಂದೆಯೆ?

ಅಕ್ಷರವೆಂಬ ಮಾತಿಗೆ ನಾಶವಿಲ್ಲದುದು ಎಂದು ಅರ್ಥ ಹೇಳುವುದು ನಮ್ಮ ಹಿರಿಯರ ಪದ್ಧತಿ. ಕಲ್ಲಿನ ಮೇಲೆ ಕಡೆದ ಶಾಸನ, ಓಲೆಗರಿಯ ಮೇಲೆ ಕೊರೆದ ಕಾವ್ಯ, ಅಚ್ಚುಮೊಳೆಯಿಂದ ಮೂಡಿದ ಪುಸ್ತಕ ಇವೆಲ್ಲ ಆ ಅರ್ಥಕ್ಕೆ ಸಾಕ್ಷಿಯಾಗಿ ನಿಂತಿವೆ. ಬರೆದವನ ಕಣ್ಣಿಗೆ ಯಾವುದು ‘ಆ’ ಆಗಿತ್ತೋ ಅದು ಓದುವವನ ಕಣ್ಣಿಗೂ ‘ಆ’ ಆಗಿಯೇ ಕಾಣುತ್ತದೆ. ಆದರೆ ಇಂದು ಬರೆಯುವವನಿಗೂ ಓದುವವನಿಗೂ ನಡುವೆ ಗಣಕಯಂತ್ರವೆಂಬ ಮೂರನೆಯ ಓದುಗನೊಬ್ಬ ಬಂದು ಕುಳಿತಿದ್ದಾನೆ. ಕೇಳಿದ ಹೆಸರನ್ನು ಹುಡುಕುವವನು ಅವನು. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವವನು ಅವನು. ಎರಡು ಹೆಸರುಗಳು ಒಂದೆಯೋ ಬೇರೆಯೋ ಎಂದು ತೀರ್ಪು ಕೊಡುವವನೂ ಅವನೇ. ಆ ತೀರ್ಪು ಯಾವ ಭಾಷೆಯ ನ್ಯಾಯದಂತೆ ನಡೆಯಬೇಕು? ಬರಹ ಯಾವ ಭಾಷೆಯದೋ ಆ ಭಾಷೆಯ ನ್ಯಾಯದಂತೆಯೇ ನಡೆಯಬೇಕು, ಆ ನ್ಯಾಯವನ್ನು ಯಂತ್ರಕ್ಕೆ ಹೇಳಿಕೊಡುವ ಹೊಣೆ ಭಾಷೆಯನ್ನು ಓದುತ್ತಿರುವ ನಮ್ಮಂಥವರದು ಎಂಬುದು ನನ್ನ ಅಭಿಪ್ರಾಯ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರದ ಮಾತೇಕೆ ಎಂದು ಕೆಲವು ಮಿತ್ರರು ಕೇಳಬಹುದು. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ ಅಕ್ಷರಗಳ ವಿಚಾರವನ್ನೇ ಮೊದಲು ಎತ್ತಿಕೊಂಡನು. ಕನ್ನಡಕ್ಕೆ ಯಾವ ಅಕ್ಷರಗಳು ಸಲ್ಲುತ್ತವೆ ಎಂಬುದು ನಿರ್ಣಯವಾಗದೆ ಮುಂದಿನ ಸಂಧಿಯಾಗಲಿ ಸಮಾಸವಾಗಲಿ ನಿಲ್ಲಲಾರದು ಎಂಬುದು ಅವನಿಗೆ ತಿಳಿದಿತ್ತು. ಅದೇ ಪ್ರಶ್ನೆ ಈಗ ಬೇರೆ ವೇಷದಲ್ಲಿ ನಮ್ಮ ಮುಂದೆ ಬಂದಿದೆ. ಅದಕ್ಕೆ ಉತ್ತರ ಹೇಳಬೇಕಾದವರು ವೈಯಾಕರಣರೇ ಹೊರತು ಯಂತ್ರ ಮಾರುವವರಲ್ಲ.

ಮೊದಲು ಇಂಗ್ಲಿಷಿನ ವಿಷಯವನ್ನು ನೋಡೋಣ. ಆ ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಎರಡು ರೂಪಗಳುಂಟು. ದೊಡ್ಡಕ್ಷರ ಒಂದು, ಚಿಕ್ಕಕ್ಷರ ಒಂದು. ವಾಕ್ಯದ ಮೊದಲಿಗೂ ಹೆಸರಿನ ಮೊದಲಿಗೂ ದೊಡ್ಡದು, ಉಳಿದೆಡೆ ಚಿಕ್ಕದು. ಇವೆರಡೂ ಒಂದೆಯೆ, ಬೇರೆಯೆ? ನಮ್ಮ ತೆಂಗಿನ ಸೀಮೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಜುಟ್ಟು ಬಿಟ್ಟು ಸುಲಿದ ಕಾಯಿಯೂ ಜುಟ್ಟು ತೆಗೆದ ಕಾಯಿಯೂ ಒಂದೆಯೆ ಎಂದು ಯಾರನ್ನಾದರೂ ಕೇಳಿ ನೋಡಿ. ಅಡಿಗೆಗಾದರೆ ಎರಡೂ ಒಂದೇ, ತುರಿದರೆ ವ್ಯತ್ಯಾಸವಿಲ್ಲ. ದೇವರಿಗಾದರೆ ಜುಟ್ಟಿನ ಕಾಯಿಯೇ ಬೇಕು. ಕಾಯಿ ಬದಲಾಗಲಿಲ್ಲ, ಕೆಲಸ ಬದಲಾಯಿತು. ಅಕ್ಷರಗಳ ಸಮಾನತೆಯೂ ಹೀಗೆಯೇ. ಹುಡುಕುವಾಗ ದೊಡ್ಡಕ್ಷರವನ್ನೂ ಚಿಕ್ಕಕ್ಷರವನ್ನೂ ಒಂದೆಂದು ಎಣಿಸಬೇಕು, ಗುಪ್ತಪದವನ್ನು ಪರೀಕ್ಷಿಸುವಾಗ ಬೇರೆ ಎಂದು ಎಣಿಸಬೇಕು. ಯಂತ್ರಕ್ಕೆ ಇದು ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ ಮಾತ್ರ. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ದೊಡ್ಡ ಎ ಅಕ್ಷರಕ್ಕೆ 65, ಚಿಕ್ಕ ಎ ಅಕ್ಷರಕ್ಕೆ 97 ಎಂಬ ಸಂಖ್ಯೆಗಳಿವೆ. ಅಂತರ 32. ಉಳಿದ ಜೋಡಿಗಳಿಗೂ ಅಂತರ ಅಷ್ಟೇ. ಆದುದರಿಂದ 32ನ್ನು ಕಳೆದು ನೋಡಿದರೆ ಎರಡೂ ಒಂದಾಗುತ್ತವೆ ಎಂದು ಯಂತ್ರಕ್ಕೆ ಕಲಿಸುವುದು ಸುಲಭವಾಯಿತು.

ಸುಲಭವಾದುದೆಲ್ಲ ಸರಿಯಾದುದಲ್ಲ. 1928ರಲ್ಲಿ ತುರ್ಕಿಯು ಅರಬ್ಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಯನ್ನು ಸ್ವೀಕರಿಸಿತು. ಅಲ್ಲಿ ಐ ಅಕ್ಷರ ಎರಡು ಬಗೆ, ಚುಕ್ಕೆಯುಳ್ಳದ್ದು, ಚುಕ್ಕೆಯಿಲ್ಲದ್ದು. ಚುಕ್ಕೆಯುಳ್ಳ ಚಿಕ್ಕ ಐಗೆ ಚುಕ್ಕೆಯುಳ್ಳ ದೊಡ್ಡ ಐ ಜೊತೆ. ಚುಕ್ಕೆಯಿಲ್ಲದ್ದಕ್ಕೆ ಚುಕ್ಕೆಯಿಲ್ಲದ್ದು ಜೊತೆ. ಇಂಗ್ಲಿಷಿನಲ್ಲಿ ಚುಕ್ಕೆಯುಳ್ಳ ಚಿಕ್ಕ ಐಗೆ ಚುಕ್ಕೆಯಿಲ್ಲದ ದೊಡ್ಡ ಐ ಜೊತೆಯಾಗಿದೆ. ಹೀಗಾಗಿ ಇಂಗ್ಲಿಷ್ ನೆಲದಲ್ಲಿ ಒಂದೇ ಎನಿಸಿಕೊಂಡ ಎರಡು ಪದಗಳು ತುರ್ಕಿಯ ನೆಲದಲ್ಲಿ ಬೇರೆ ಬೇರೆಯಾದವು, ಇಂಗ್ಲಿಷನ್ನೇ ನಂಬಿ ಬರೆದ ತಂತ್ರಾಂಶಗಳು ಅಲ್ಲಿ ಹೋಗಿ ಎಡವಿದವು. ಜರ್ಮನರ ಒಂದು ಸಕಾರಕ್ಕೆ ದೊಡ್ಡಕ್ಷರವೇ ಇರಲಿಲ್ಲ. ದೊಡ್ಡದಾಗಿ ಬರೆಯಬೇಕಾದಾಗ ಎರಡು ಎಸ್ ಬರೆಯುತ್ತಿದ್ದರು. 2017ರಲ್ಲಿ ಮಾತ್ರ ಅದಕ್ಕೊಂದು ದೊಡ್ಡ ರೂಪವನ್ನು ಅಧಿಕೃತವಾಗಿ ಒಪ್ಪಿಕೊಂಡರು. ಇಂಥ ಅನುಭವಗಳಿಂದಲೇ, ಆಯಾ ದೇಶಭಾಷೆಯ ನಿಯಮಗಳನ್ನು ಒಂದು ಕಟ್ಟಾಗಿ ಕಟ್ಟಿ ಯಂತ್ರಕ್ಕೆ ಕೊಡುವ ಏರ್ಪಾಡು ಬಂದಿತು. ಅದನ್ನು ಲೊಕೇಲ್ ಎನ್ನುತ್ತಾರೆ. ಅಕ್ಷರಗಳ ಅನುಕ್ರಮ, ದೊಡ್ಡ ಚಿಕ್ಕ ಅಕ್ಷರಗಳ ಜೋಡಿ, ದಿನಾಂಕ ಬರೆಯುವ ರೀತಿ ಮುಂತಾದುವು ಆ ಕಟ್ಟಿನಲ್ಲಿರುತ್ತವೆ.

ಇದರ ಮೇಲೆ ಯಂತ್ರ ಯಂತ್ರಕ್ಕೂ ಒಂದೊಂದು ಸಂಪ್ರದಾಯವುಂಟು. ಲಿನಕ್ಸ್ ವ್ಯವಸ್ಥೆಯಲ್ಲಿ ತಿಪಟೂರೆಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಮ್ಮೆ ದೊಡ್ಡಕ್ಷರದಿಂದಲೂ ಒಮ್ಮೆ ಚಿಕ್ಕಕ್ಷರದಿಂದಲೂ ಆರಂಭಿಸಿ ಎರಡು ಕಡತಗಳನ್ನು ಇಡಬಹುದು. ಅವು ಬೇರೆ ಬೇರೆಯಾಗಿಯೇ ಇರುತ್ತವೆ. ವಿಂಡೋಸ್ ವ್ಯವಸ್ಥೆಯಲ್ಲಿ ಅವು ಒಂದೇ ಹೆಸರು; ಎರಡನೆಯದನ್ನು ಇಡಹೋದರೆ ಮೊದಲನೆಯದನ್ನು ಅಳಿಸಲೆ ಎಂದು ಕೇಳುತ್ತದೆ. ಮ್ಯಾಕ್ ಕೂಡ ಸಾಮಾನ್ಯವಾಗಿ ವಿಂಡೋಸಿನ ಪಕ್ಷವೇ. ಒಂದು ಮನೆಯಲ್ಲಿ ಇಬ್ಬರಾಗಿದ್ದ ಅಣ್ಣತಮ್ಮಂದಿರು ಇನ್ನೊಂದು ಮನೆಗೆ ಹೋದೊಡನೆ ಒಬ್ಬರಾಗುವ ವಿಚಿತ್ರವಿದು.

ಇಷ್ಟು ಕೇಳಿದ ಮೇಲೆ ಕನ್ನಡಿಗನು ಎದೆಯುಬ್ಬಿಸಿ, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಗೊಡವೆಯೇ ಇಲ್ಲ, ಕಕಾರ ಎಲ್ಲಿದ್ದರೂ ಕಕಾರವೇ, ಈ ರೋಗ ನಮಗೆ ತಗಲದು ಎನ್ನಬಹುದು. ಲಿಪಿಯ ಮಟ್ಟಿಗೆ ಆ ಮಾತು ನಿಜ. ಆದರೂ ರೋಗ ನಮಗೆ ತಗಲಿದೆ, ಹಿತ್ತಲ ಬಾಗಿಲಿನಿಂದ ಬಂದಿದೆ.

ಅದು ಹೀಗಾಯಿತು. ಯಂತ್ರಗಳು ನಮ್ಮ ನಾಡಿನ ಕಚೇರಿಗಳಿಗೆ ಬಂದಾಗ ಅವುಗಳಿಗೆ ಕನ್ನಡ ಬರುತ್ತಿರಲಿಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತಾದರೂ ಅದು ಮೇಜಿನ ಮೇಲಿನ ಯಂತ್ರದವರೆಗೆ ಬಂದು ಮುಟ್ಟಲು ಬಹಳ ವರ್ಷಗಳು ಹಿಡಿದವು. ಅಷ್ಟರವರೆಗೆ ಕೆಲಸ ನಿಲ್ಲಿಸಿ ಕೂಡುವಂತಿರಲಿಲ್ಲ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ನುಡಿ ತಂತ್ರಾಂಶವನ್ನು ರೂಪಿಸಿತು. ಕೆ. ಪಿ. ರಾವ್ ಅವರು ಯೋಜಿಸಿದ ಕೀಲಿಮಣೆಯ ವಿನ್ಯಾಸವು ನಾಡಿನ ಬೆರಳಚ್ಚುಗಾರರ ಕೈಗೆ ಹತ್ತಿತು. ಇವರೆಲ್ಲ ಮಾಡಿದ ಉಪಕಾರ ದೊಡ್ಡದು. ಅಂದಿನ ಉಪಾಯವೇನೆಂದರೆ, ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳ ಮನೆಯಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಬಾಡಿಗೆಗೆ ಕೂರಿಸುವುದು. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಒಳಗೆ ಇರುವುದು ಇಂಗ್ಲಿಷ್.

ನುಡಿಯ ಆ ಹಳೆಯ ಅಕ್ಷರಶೈಲಿಯಲ್ಲಿ ದೊಡ್ಡ ಡಿ ಇದ್ದ ಮನೆಯಲ್ಲಿ ನಮ್ಮ ‘ಆ’ ಕುಳಿತಿದೆ. ಚಿಕ್ಕ ಡಿ ಇದ್ದ ಮನೆಯಲ್ಲಿ ‘ಜ’ ಕುಳಿತಿದೆ. ದೊಡ್ಡ ಜೆ ಎಂದರೆ ‘ಎ’, ಚಿಕ್ಕ ಜೆ ಎಂದರೆ ‘ರಿ’. ದೊಡ್ಡ ಎಫ್ ಎಂದರೆ ‘ಈ’, ಚಿಕ್ಕದು ‘ಜಿ’. ದೊಡ್ಡ ಎನ್ ಎಂದರೆ ‘ಓ’, ಚಿಕ್ಕದು ‘ಟಿ’. ದೊಡ್ಡ ಆರ್ ಎಂದರೆ ‘ಖ’, ಚಿಕ್ಕದು ‘ಡಿ’. ಕನ್ನಡದ ಪಾಲಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಅಕ್ಷರಗಳು ಇಂಗ್ಲಿಷಿನ ಪಾಲಿಗೆ ಒಂದೇ ಅಕ್ಷರದ ಎರಡು ರೂಪಗಳಾಗಿಬಿಟ್ಟವು. ಈಗ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಒಂದೆಂದು ಎಣಿಸು ಎಂದು ಯಂತ್ರಕ್ಕೆ ಹೇಳಿದರೆ ಏನಾಗುತ್ತದೆ? ‘ಆಲ’ವೂ ‘ಜಲ’ವೂ ಒಂದೇ ಆಗುತ್ತವೆ. ‘ಆಗ’ವೂ ‘ಜಗ’ವೂ ಒಂದಾಗುತ್ತವೆ. ‘ಆಯ’ವೂ ‘ಜಯ’ವೂ ಒಂದಾಗುತ್ತವೆ. ಬರಹದಲ್ಲಿ ‘ಆಯ’ ಎಂದಿದ್ದೆಡೆಯೆಲ್ಲ ‘ವರಮಾನ’ ಎಂದು ಬದಲಿಸಲು ಹೊರಟವನು ಎಚ್ಚರ ತಪ್ಪಿದರೆ ಚುನಾವಣೆಯ ಜಯವೂ ವರಮಾನವಾಗಿ ಬದಲಾಗುತ್ತದೆ. ಲೋಕದಲ್ಲಿ ಹಾಗೆ ನಡೆಯುವುದುಂಟೆಂದು ಹಾಸ್ಯ ಮಾಡಬಹುದು, ಬರಹದಲ್ಲಿ ನಡೆಯಬಾರದು.

ಲೊಕೇಲಿನ ಮಹಿಮೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯುರೋಪಿನ ಭಾಷೆಗಳಲ್ಲಿ ತಲೆಯ ಮೇಲೆ ಗುರುತುಗಳನ್ನು ಹೊತ್ತ ಅಕ್ಷರಗಳುಂಟು. ಅವುಗಳಿಗೂ ದೊಡ್ಡದು ಚಿಕ್ಕದು ಎಂಬ ಜೋಡಿಗಳಿವೆ. ನಮ್ಮ ಕೊಂಬುಗಳೂ ಒತ್ತಕ್ಷರಗಳೂ ಆ ಮನೆಗಳಲ್ಲಿವೆ. ಎರಡು ಚುಕ್ಕೆ ಹೊತ್ತ ದೊಡ್ಡ ಎ ಇದ್ದಲ್ಲಿ ಉಕಾರದ ಕೊಂಬು. ಅದರ ಚಿಕ್ಕ ರೂಪವಿದ್ದಲ್ಲಿ ಮಕಾರದ ಒತ್ತು. ಇಂಗ್ಲಿಷಿನ ಇಪ್ಪತ್ತಾರು ಜೋಡಿಗಳನ್ನು ಮಾತ್ರ ಬಲ್ಲ ಸರಳ ವ್ಯವಸ್ಥೆಗೆ ‘ಅಮ್ಮ’ ಬೇರೆ, ‘ಅಮು’ ಬೇರೆ. ಯುರೋಪಿನ ಜೋಡಿಗಳನ್ನೆಲ್ಲ ಬಲ್ಲ ಜಾಣ ವ್ಯವಸ್ಥೆಗೆ ಅವೆರಡೂ ಒಂದೇ! ಯಂತ್ರ ಹೆಚ್ಚು ಕಲಿತಷ್ಟೂ ನಮ್ಮ ಅಮ್ಮನನ್ನು ಗುರುತಿಸಲಾರದೆ ಹೋಯಿತು. ಕಲಿತ ವಿದ್ಯೆ ಬೇರೆ ಭಾಷೆಯದಾದುದೇ ಇದಕ್ಕೆ ಕಾರಣ.

ಅಕಾರಾದಿಯ ಕತೆಯೂ ಇದೇ. ಹಳೆಯ ಅಕ್ಷರಶೈಲಿಯನ್ನು ರೂಪಿಸಿದವರು ಜಾಣರು. ಇಂಗ್ಲಿಷಿನ ದೊಡ್ಡಕ್ಷರಗಳ ಮನೆಗಳಲ್ಲಿ ಮೊದಲು ‘ಅ’ ಮುಂತಾದ ಸ್ವರಗಳು, ಅನಂತರ ಕ, ಖ, ಗ. ಮುಂದೆ ಚಿಕ್ಕಕ್ಷರಗಳ ಮನೆಗಳಲ್ಲಿ ಜ, ಟ, ಡ, ತ, ದ. ಆಮೇಲೆ ಚಿಹ್ನೆಗಳ ಮನೆಗಳಲ್ಲಿ ನ, ಪ, ಬ, ಲ, ಶ, ಸ, ಹ, ಳ, ಹೀಗೆ ಹೆಚ್ಚು ಕಡಮೆ ವರ್ಣಮಾಲೆಯ ಕ್ರಮದಲ್ಲಿಯೇ ಕೂರಿಸಿದ್ದಾರೆ. ರಕಾರದಂಥ ಕೆಲವು ಮಾತ್ರ ಸಾಲು ತಪ್ಪಿವೆ. ಆದುದರಿಂದ ಬರಿಯ ಸಂಖ್ಯೆಯ ಕ್ರಮದಲ್ಲಿ ಜೋಡಿಸುವ ಯಂತ್ರ ಕನ್ನಡದ ಕ್ರಮಕ್ಕೆ ಬಹಳ ಹತ್ತಿರ ಬರುತ್ತದೆ. ಲಿನಕ್ಸಿನಲ್ಲಿ ಸಿ ಲೊಕೇಲ್ ಎಂಬುದು ಹೀಗೆ ಜೋಡಿಸುತ್ತದೆ. ಆದರೆ ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿ ಬಳಸುವ ಎಕ್ಸೆಲ್ ತಂತ್ರಾಂಶ, ನಾವು ಬೇರೆ ಹೇಳದಿದ್ದರೆ, ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಒಟ್ಟಿಗೆ ಸೇರಿಸಿ ಜೋಡಿಸುತ್ತದೆ. ಆಗ ಆನಂದನ ಗುಂಪಿನಲ್ಲಿ ಜನಾರ್ದನ ಬಂದು ಸೇರುತ್ತಾನೆ, ಉಮೇಶನ ಗುಂಪಿನಲ್ಲಿ ರಮೇಶ ಬಂದು ಸೇರುತ್ತಾನೆ. ಒಂದೇ ಪಟ್ಟಿ, ಒಂದೇ ಅಕ್ಷರಶೈಲಿ. ಯಂತ್ರ ಬೇರೆಯಾದರೆ ಕ್ರಮ ಬೇರೆ.

ಇದು ಬುದ್ಧಿಯ ಆಟವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಸೀಮೆಯ ಒಂದು ಸಹಕಾರ ಸಂಘದ ವಾರ್ಷಿಕ ಸಭೆಯ ದಿನ ನಾನು ಅಲ್ಲಿದ್ದೆ. ಜಕಾರದಿಂದ ಮೊದಲಾಗುವ ಹೆಸರಿನ ಒಬ್ಬ ಅಜ್ಜಿ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಮೇಜಿನ ಬಳಿಯಿದ್ದ ಹುಡುಗ ಅಚ್ಚಾದ ಪಟ್ಟಿಯಲ್ಲಿ ಜಕಾರವನ್ನು ಹುಡುಕಿದ. ‘ನಿಮ್ಮೆಸ್ರು ಪಟ್ಟೀಲಿಲ್ಲ ಕಣಜ್ಜಿ’ ಎಂದ. ‘ಹೋದೊರ್ಷ ಇತ್ತಲ್ಲಪ್ಪಾ, ಸರಿಯಾಗಿ ನೋಡು’ ಎಂದರು ಆಕೆ. ಅವನು ಸರಿಯಾಗಿಯೇ ನೋಡಿದ್ದ. ಹೆಸರು ಆಕಾರದ ಹೆಸರುಗಳ ನಡುವೆ, ಎರಡು ಪುಟ ಹಿಂದೆ ಇದ್ದಿತು. ಅದು ಸಿಕ್ಕುವ ವೇಳೆಗೆ ಆಕೆ ಬಿಸಿಲಿನಲ್ಲಿ ಬಹಳ ಹೊತ್ತು ನಿಂತಿದ್ದರು. ತಾನು ಸದಸ್ಯಳು ಹೌದೋ ಅಲ್ಲವೋ ಎಂಬ ಸಂಶಯ ಆಕೆಗೇ ಬಂದಂತಿತ್ತು. ಅಜ್ಜಿಯ ತಪ್ಪಿಲ್ಲ, ಹುಡುಗನ ತಪ್ಪಿಲ್ಲ. ‘ಆ’ ಎಂಬುದನ್ನು ದೊಡ್ಡ ಡಿ ಎಂದೂ ‘ಜ’ ಎಂಬುದನ್ನು ಚಿಕ್ಕ ಡಿ ಎಂದೂ ಓದಿದ ಯಂತ್ರವೂ ತನ್ನ ನ್ಯಾಯದಂತೆ ಸರಿಯಾಗಿಯೇ ನಡೆದಿತ್ತು. ಆ ನ್ಯಾಯ ಆಕೆಯ ಭಾಷೆಯದಾಗಿರಲಿಲ್ಲ, ಅಷ್ಟೆ.

ಯೂನಿಕೋಡಿಗೆ ಬಂದರೆ ಎಲ್ಲವೂ ಸರಿಹೋಗುತ್ತದೆಯೆ? ಮುಖ್ಯವಾದುದು ಸರಿಹೋಗುತ್ತದೆ. ಅಲ್ಲಿ ಕನ್ನಡಕ್ಕೆ ಸ್ವಂತ ಮನೆಯಿದೆ; ದೊಡ್ಡದು ಚಿಕ್ಕದು ಮಾಡುವ ಕ್ರಿಯೆ ಕನ್ನಡದ ಅಕ್ಷರವನ್ನು ಮುಟ್ಟುವುದಿಲ್ಲ. ಆಲ ಆಲವಾಗಿಯೂ ಜಲ ಜಲವಾಗಿಯೂ ಉಳಿಯುತ್ತವೆ. ಆದರೂ ಎಚ್ಚರ ಬೇಕು. ನಮ್ಮ ‘ಕೊಬ್ಬರಿ’ಯನ್ನೇ ನೋಡಿ. ಮೊದಲ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಇಡಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿ ಬಿಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ ಕೊಬ್ಬರಿ. ಎರಡನ್ನೂ ಸಮಾನವೆಂದೇ ತಿಳಿಯಬೇಕು ಎಂಬುದು ಯೂನಿಕೋಡಿನ ನಿಯಮ. ಆದರೆ ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಈ ಎರಡು ಹೆಸರುಗಳ ಕಡತಗಳು ಅಕ್ಕಪಕ್ಕದಲ್ಲಿ ಕುಳಿತಿರಬಲ್ಲವು. ಹಳೆಯ ಮ್ಯಾಕ್ ಯಂತ್ರಗಳು ಮಾತ್ರ ಎಲ್ಲ ಹೆಸರುಗಳನ್ನೂ ಬಿಡಿಸಿ ಒಂದೇ ಬಗೆಯಲ್ಲಿ ಇಡುತ್ತಿದ್ದವು. ಹಾಗೆಯೇ ಸಂಖ್ಯೆಯ ಕ್ರಮದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಬರುತ್ತದೆ. ನಾವು ಮರಳ ಮೇಲೆ ತಿದ್ದಿದ ವರ್ಣಮಾಲೆಯಲ್ಲಾದರೋ ಅದು ಹಕಾರದ ಅನಂತರದ್ದು. ಸಂಖ್ಯೆಯೇ ಅನುಕ್ರಮವಲ್ಲ, ಅನುಕ್ರಮಕ್ಕೆ ಬೇರೆ ನಿಯಮ ಬೇಕು ಎಂದು ಯೂನಿಕೋಡೇ ವಿಧಿಸಿದೆ. ಆ ನಿಯಮ ಹಲವು ಮೆಟ್ಟಿಲುಗಳದು. ಮೊದಲ ಮೆಟ್ಟಿಲಲ್ಲಿ ಮೂಲಾಕ್ಷರವನ್ನು ಹೋಲಿಸಬೇಕು. ಅಲ್ಲಿ ಸಮವಾದರೆ ಗುರುತುಗಳನ್ನು. ಅಲ್ಲಿಯೂ ಸಮವಾದರೆ ದೊಡ್ಡದು ಚಿಕ್ಕದು ಎಂಬ ಭೇದವನ್ನು. ಯಾವ ಮೆಟ್ಟಿಲಿನವರೆಗೆ ಹೋಗಬೇಕೆಂಬುದನ್ನು ಕೆಲಸ ಮಾಡಿಸುವವನು ಹೇಳಬೇಕು. ಜುಟ್ಟಿನ ಕಾಯಿಯ ನ್ಯಾಯವೇ ಇದು.

ಈ ತೊಡಕೇ ಬೇಡ, ಹೆಸರುಗಳನ್ನೆಲ್ಲ ಇಂಗ್ಲಿಷಿನಲ್ಲಿಯೇ ಬರೆದುಬಿಡೋಣ ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ ನಮ್ಮ ಜಿಲ್ಲೆಯ ಹೆಸರೇ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಬರಹ ಬದಲಾದಾಗ ಟುಮ್ಕೂರ್ ಎಂಬುದು ತುಮಕೂರು ಆಯಿತು. ಇಂಗ್ಲಿಷ್ ಕಡತಗಳಲ್ಲಿ ಅಂದಿನಿಂದ ಎರಡು ಜಿಲ್ಲೆಗಳಿದ್ದಂತಾಯಿತು. ಕನ್ನಡದಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಇನ್ನೊಂದು ನಿದರ್ಶನವನ್ನು ನಮ್ಮ ಹೆಮ್ಮೆಯ ಇಬ್ಬರು ಹಿರಿಯರಿಂದ ಕೊಡುತ್ತೇನೆ. 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ, 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ.ಶ್ರೀ, ಇಬ್ಬರೂ ಶ್ರೀಕಂಠಯ್ಯನವರೇ. ಕನ್ನಡದಲ್ಲಿ ಈ ಹೆಸರನ್ನು ಸಾಮಾನ್ಯವಾಗಿ ಒಂದೇ ಬಗೆಯಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಟಿ ಅಕ್ಷರದ ಮುಂದೆ ಎಚ್ ಹಾಕಿ ಒಂದು, ಹಾಕದೆ ಒಂದು, ಕೊನೆಯಲ್ಲಿ ಎಚ್ ಇಟ್ಟು ಒಂದು, ಇಡದೆ ಒಂದು, ಎಲ್ಲ ದೊಡ್ಡಕ್ಷರಗಳಲ್ಲಿ ಒಂದು, ಹೀಗೆ ಎಷ್ಟೋ. ದೊಡ್ಡಕ್ಷರ ಚಿಕ್ಕಕ್ಷರದ ಭೇದವನ್ನು ಯಂತ್ರ ಮರೆಯಬಹುದು. ಉಳಿದ ಭೇದಗಳನ್ನು ಯಾರು ಮರೆಯಿಸಬೇಕು?

ಕಾಗದದ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತಿರುವಾಗ ಒಳಗೆ ಏನಿದ್ದರೇನು ಎಂಬುದು ಇನ್ನೊಂದು ವಾದ. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕೊಳ್ಳುವವರು ಹೊರಗಿನ ಬಣ್ಣ ನೋಡಿ ಸುಮ್ಮನಾಗುವುದಿಲ್ಲ ಎಂಬುದನ್ನು ಆ ವಾದಿಗಳಿಗೆ ನೆನಪಿಸಬೇಕು. ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟ ಕಾಯಿಯ ಬೆಲೆ ಒಳಗಿನ ತಿರುಳಿನಲ್ಲಿದೆ.

ಆದುದರಿಂದ ನನ್ನ ಸೂಚನೆಗಳು ಮೂರು. ಮೊದಲನೆಯದಾಗಿ, ನಮ್ಮ ಕಾಲೇಜಿನಲ್ಲಿಯೂ ಊರಿನ ಸಂಘ ಸಂಸ್ಥೆಗಳಲ್ಲಿಯೂ ಹಳೆಯ ಅಕ್ಷರಶೈಲಿಯಲ್ಲಿ ಉಳಿದಿರುವ ಪಟ್ಟಿಗಳನ್ನೂ ಬರಹಗಳನ್ನೂ ಯೂನಿಕೋಡಿಗೆ ಪರಿವರ್ತಿಸಬೇಕು. ಇದಕ್ಕೆ ತಂತ್ರಾಂಶಗಳಿವೆ; ಆದರೆ ಪರಿವರ್ತನೆಯಾದುದನ್ನು ಮೂಲದೊಡನೆ ಹೋಲಿಸಿ ಓದಲು ಕನ್ನಡ ಬಲ್ಲ ಕಣ್ಣುಗಳು ಬೇಕು, ಆ ಕಣ್ಣುಗಳು ನಮ್ಮ ತರಗತಿಗಳಲ್ಲಿವೆ. ಮೂಲವನ್ನು ಅಳಿಸಬಾರದು. ಎರಡನೆಯದಾಗಿ, ಯಂತ್ರ ತನ್ನೊಳಗಿನ ಕೆಲಸಕ್ಕೆ ಬಳಸುವ ಗುರುತುಗಳನ್ನು ಯಾವ ದೇಶಭಾಷೆಗೂ ಸಿಕ್ಕಿಸದೆ ಒಂದೇ ನಿಯಮದಿಂದ ಹೋಲಿಸಲಿ; ಮನುಷ್ಯರ ಹೆಸರುಗಳನ್ನೂ ಊರಿನ ಹೆಸರುಗಳನ್ನೂ ಕನ್ನಡದ ಲೊಕೇಲಿನಂತೆಯೇ ಜೋಡಿಸಲಿ. ಮೂರನೆಯದಾಗಿ, ಹೆಸರು ಹೊಂದಲಿಲ್ಲವೆಂದು ಯಂತ್ರ ಹೇಳಿದ ಮಾತ್ರಕ್ಕೆ ಎದುರಿಗಿರುವ ಮನುಷ್ಯರನ್ನು ಹಿಂದಕ್ಕೆ ಕಳುಹಿಸಬಾರದು. ಯಂತ್ರದ ಮಾತು ಸಾಕ್ಷ್ಯ ಮಾತ್ರ, ತೀರ್ಪು ಅಲ್ಲ.

ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದೆಂದು ಬಿ.ಎಂ.ಶ್ರೀ ಅವರು 1911ರಲ್ಲಿ ಧಾರವಾಡದಲ್ಲಿ ಕೇಳಿದ್ದರು. ಅಂದು ಪ್ರಶ್ನೆ ಸಭೆಗಳದು, ಪುಸ್ತಕಗಳದು. ಇಂದು ಅದು ಪಟ್ಟಿಗಳದೂ ಕಡತಗಳದೂ ಆಗಿದೆ. ಯಂತ್ರಕ್ಕೆ ಕನ್ನಡದ ನ್ಯಾಯ ತಿಳಿಯದು. ತಿಳಿಸಿದರೆ ಮರೆಯುವುದೂ ಇಲ್ಲ. ತಿಳಿಸುವ ಕೆಲಸಕ್ಕೆ ಕನ್ನಡ ಓದಿದವರು ಕೈಹಾಕಬೇಕೆಂದು ನನ್ನ ಸಹಪಾಠಿಗಳಲ್ಲಿ ಕೇಳಿಕೊಳ್ಳುತ್ತೇನೆ. ಇದರಲ್ಲಿ ತಿದ್ದಬೇಕಾದುದಿದ್ದರೆ ಅಧ್ಯಾಪಕರು ತಿದ್ದಲಿ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ